ನನ್ನನ್ನೇ ಕೇಳಬೇಕಿದ್ದ ಪ್ರಶ್ನೆಗಳು

ಗಾಜಿನ ಕಿಟಕಿಯಾಚೆ ಕುಳಿತ ವೀಸಾ ಅಧಿಕಾರಿಗಳೇ,

ನಿಮ್ಮ ದೇಶದಲ್ಲಿ ಒಂದು ವರ್ಷ ದುಡಿಯುತ್ತ, ಕಲಿಯುತ್ತ, ಕಲಿಸುತ್ತ ಇರಲು ಸಾಂಸ್ಕೃತಿಕ ವಿನಿಮಯ ವೀಸಾ ಕೇಳಿದವಳು ನಾನು. ನೀವು ಸಂದರ್ಶನ ಮಾಡಿದ್ದು ನನ್ನ ಅಕ್ಕನನ್ನು. ತಿರಸ್ಕರಿಸಿದ್ದು ಮಾತ್ರ ನನ್ನನ್ನು. ಈ ವಿಚಿತ್ರವನ್ನು ಎರಡು ಸಲ ನಿಮಗೆ ಖಾಸಗಿಯಾಗಿ ಬರೆದು ತಿಳಿಸಿದೆ, ಉತ್ತರ ಬರಲಿಲ್ಲ. ನಿಮ್ಮಲ್ಲಿ, ನನ್ನಲ್ಲಿ ಕಿವಿ ಕೇಳದವರು ಯಾರು ಎಂಬ ಅನುಮಾನ ಹುಟ್ಟಿದ್ದರಿಂದ ಈಗ ಎಲ್ಲರೆದುರು ಬರೆಯುತ್ತಿದ್ದೇನೆ.

ನಾನು ಹುಟ್ಟು ಕಿವುಡಿ. ತೈನಾನ್ ನಗರದ ಹಳೇ ಮಾರುಕಟ್ಟೆಯ ಬೆನ್ನಿಗೆ ನಮ್ಮದೊಂದು ಬೇಕರಿ ಇದೆ. ಕೆಸುವಿನ ಗಡ್ಡೆಯ ಹೂರಣ ತುಂಬಿ, ಮುಟ್ಟಿದರೆ ಪದರ ಬಿಡುವಂಥ ಬಿಸ್ಕತ್ತು ಬೇಯಿಸುವುದು ನನ್ನ ಕೆಲಸ. ನಿಮ್ಮ ದೇಶದ ಒಂದು ರೇವುಪಟ್ಟಣದಲ್ಲಿ ಹೆಲ್ಗಾ ಎಂಬಾಕೆ ಬ್ರೆಡ್ಡಿನ ಅಂಗಡಿ ನಡೆಸುತ್ತಾಳೆ. ಅವಳೂ ಕಿವುಡಿ. ಪರದೆಯ ಮೇಲೆ ಪರಿಚಯವಾಗಿ, ಫೋನಿನ ಅನುವಾದ ನಂಬಿ ಬರೆಯುತ್ತ, ಒಬ್ಬರ ಕಣಕವನ್ನು ಇನ್ನೊಬ್ಬರು ಹಂಗಿಸುತ್ತ ಸ್ನೇಹಿತರಾದೆವು. "ಬಾ, ನನ್ನ ಪಕ್ಕ ನಿಂತು ನಾದು. ಆಗ ಗೊತ್ತಾಗುತ್ತೆ ಯಾರ ಕೈ ಎಂಥದ್ದು ಅಂತ" ಎಂದು ಅವಳೇ ಕರೆದಳು. ಕೆಲಸದ ಆಹ್ವಾನವನ್ನೂ ಕಳಿಸಿದಳು.

ಕೈಮಾತಿನ, ಅಂದರೆ ಕಿವುಡರ ಸನ್ನೆಭಾಷೆಯ, ದುಭಾಷಿ ನಿಮ್ಮಲ್ಲಿ ಇಲ್ಲವೆಂದೂ ಮನೆಯವರನ್ನು ಕರೆತರಬೇಕೆಂದೂ ನೀವೇ ತಿಳಿಸಿದಿರಿ. ಅಕ್ಕ ಯೂ-ಚಿಯೆ ರಜೆ ಹಾಕಿ ನನ್ನೊಡನೆ ರಾಜಧಾನಿ ತೈಪೆಯ ನಿಮ್ಮ ಕಚೇರಿಗೆ ಬಂದಳು. ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಮ್ಮ ಮುಂದೆ ನಿಂತೆ. ನೀವು ಅಕ್ಕನ ಮುಖ ನೋಡಿ ಕೇಳಿದಿರಿ: "ಒಲೆಯ ಗಂಟೆ ಹೊಡೆದ್ರೆ ಇವರಿಗೆ ಹೇಗೆ ಗೊತ್ತಾಗುತ್ತೆ?"

ಅಕ್ಕ ಅದನ್ನು ಕೈಯಲ್ಲಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಮೂಗಿದೆಯಲ್ಲ!" ಎಂದೆ. ಸ್ವಾಮೀ, ಬ್ರೆಡ್ಡು ಬೆಂದದ್ದನ್ನು ಕಿವಿಗೊಟ್ಟು ತಿಳಿಯುವ ಬೇಕರಿಯವರನ್ನು ನೀವೆಲ್ಲಾದರೂ ಕಂಡಿದ್ದೀರಾ? ನೀವು ನಗಲಿಲ್ಲ. "ಅಲ್ಲಿನ ಜನರ ಜೊತೆ ಇವರು ಹೇಗೆ ಬೆರೀತಾರೆ? ಕಳೆದುಹೋದ್ರೆ ಯಾರು ಜವಾಬ್ದಾರಿ?" ಎಂದು ಮತ್ತೆ ಅಕ್ಕನನ್ನೇ ಕೇಳಿದಿರಿ. ನಾನೇನು ನಿಲ್ದಾಣದಲ್ಲಿ ಮರೆತುಬರುವ ಕೊಡೆಯೇ?

ಅಕ್ಕನಿಗೆ ರೇಗಿತು. "ಸಾರ್, ಕೆಲಸ ಗೊತ್ತಿರೋದು ಅವಳಿಗೆ. ನಾನು ಹಾಲಿಟ್ರೆ ಉಕ್ಕಿಸ್ತೀನಿ. ನನ್ನನ್ನ ಕೇಳಿ ಏನ್ ಪ್ರಯೋಜನ? ಅವಳ ಕಡೆ ತಿರುಗಿ ಕೇಳಿ!" ಎಂದಳಂತೆ. ನೀವು ತಿರುಗಲಿಲ್ಲ. ಬದಲಿಗೆ ಬಹಳ ಕರುಣೆಯಿಂದ, "ಬೇಕಾದ್ರೆ ಪ್ರವಾಸಿ ವೀಸಾ ಕೊಡೋಣ. ಸುಮ್ನೆ ನೋಡ್ಕೊಂಡು ಬರಲಿ" ಎಂದಿರಿ. ನೋಡಲು ಕಣ್ಣು ಸಾಕು, ದುಡಿಯಲು ಮಾತ್ರ ಕಿವಿ ಬೇಕೆನ್ನುವುದು ಯಾವ ಕಾನೂನು? ಬೇಡವೆಂದು ತಲೆಯಾಡಿಸಿದೆ. ಅದೊಂದು ನಿಮಗೆ ತಕ್ಷಣ ಅರ್ಥವಾಯಿತು. ಮುಂದಿನ ವಾರ ಉತ್ತರ ಬಂತು: "ಸ್ಥಳೀಯರೊಡನೆ ಸಂವಹನ ನಡೆಸುವ ಸಾಮರ್ಥ್ಯ ಅರ್ಜಿದಾರರಿಗಿಲ್ಲ."

ಅದನ್ನು ಓದಿ ನಾನು ಅತ್ತೆ. ನಿಮ್ಮ ಎದುರು ಅಳಲಿಲ್ಲವೆಂಬುದಷ್ಟೇ ನನ್ನ ಹೆಮ್ಮೆ. ಹೆಲ್ಗಾ ಅಳುವ ಜಾತಿಯವಳಲ್ಲ. "ನೀನು ಬರೋಕಾಗಲ್ವಾ? ಸರಿ, ನಾನೇ ಬರ್ತೀನಿ" ಎಂದವಳೇ ಚಳಿಗಾಲದಲ್ಲಿ ಅಂಗಡಿಗೆ ಬೀಗ ಹಾಕಿ ವಿಮಾನ ಹತ್ತಿದಳು.

ನಿಮ್ಮ ದೇಶದ ಕೈಮಾತು ಬೇರೆ, ನಮ್ಮದು ಬೇರೆ. ಹಿಟ್ಟಿನ ಕೈಯಲ್ಲಿ ಫೋನು ಹಿಡಿಯಲಾಗದೆ ಮೊದಲ ದಿನ ತೋರಿಸಿ, ನಟಿಸಿ, ಹಿಟ್ಟಿನ ಮೇಲೆ ಚಿತ್ರ ಬರೆದು ಒದ್ದಾಡಿದೆವು. ಎರಡನೆಯ ದಿನ ಜಗಳವಾಯಿತು. ಪದರಕ್ಕೆ ಹಂದಿಯ ಕೊಬ್ಬೇ ಆಗಬೇಕು ಎಂದು ನಾನು, ಬೆಣ್ಣೆಯ ಮುಂದೆ ಅದು ಯಾವ ಲೆಕ್ಕ ಎಂದು ಅವಳು. ಕೈಗಳು ಗಾಳಿಯಲ್ಲಿ ಹಾರಾಡಿ ಹಿಟ್ಟೆಲ್ಲ ಚೆಲ್ಲಿತು. ಎದುರಿನ ಮೀನಂಗಡಿಯ ಅಜ್ಜ ಆ-ಶುಯಿ ಎದ್ದು ಬಂದು ಅಕ್ಕನಿಗೆ ಹೇಳಿದನಂತೆ: "ಏನಮ್ಮಾ ಇದು, ಬಂದು ಎರಡು ದಿನ ಆಗಿಲ್ಲ, ಆಗಲೇ ಅತ್ತೆ ಸೊಸೆ ಥರಾ ಕಚ್ಚಾಡ್ತಿದಾರಲ್ಲ! ಏನಂತೆ ಸಮಾಚಾರ?" ಅವನಿಗೆ ಎರಡೂ ತಿನ್ನಿಸಿದೆವು. ಬೆಣ್ಣೆಯದ್ದನ್ನೇ ಇನ್ನೊಂದು ಕೇಳಿದ, ದ್ರೋಹಿ. ಹೆಲ್ಗಾ ಕುಣಿದಳು.

ಮಾನ್ಯರೇ, ಜಗಳವಾಡುವಷ್ಟು ಮಾತು ಬೆಳೆದ ಮೇಲೆ ಇನ್ನಾವ ಸಂವಹನ ಬೇಕು? ಅವಳು ಹೊರಡುವ ಹೊತ್ತಿಗೆ ನನಗೆ ಹುಳಿಹಿಟ್ಟಿನ ಬ್ರೆಡ್ಡು ಬಂದಿತ್ತು, ಅವಳಿಗೆ ಕೆಸುವಿನ ಹೂರಣ ಬಂದಿತ್ತು. ಸಾಂಸ್ಕೃತಿಕ ವಿನಿಮಯವೆಂದು ನಿಮ್ಮ ಸರಕಾರ ಅಚ್ಚು ಹಾಕಿಸಿ ಹಂಚುವುದು ಇದನ್ನೇ ಅಲ್ಲವೇ? ನಿಮ್ಮ ಮುದ್ರೆಯಿಲ್ಲದೆ ನಡೆದುಹೋಯಿತು, ಕ್ಷಮೆಯಿರಲಿ. ಆದರೆ ಹದಿನೈದು ದಿನದ ಆತಿಥ್ಯವನ್ನು ತೋರಿಸಿ ನನ್ನ ಒಂದು ವರ್ಷವನ್ನು ಮುಚ್ಚಿಹಾಕಬೇಡಿ. ಅವಳ ಒಲೆಯ ಬಿಸಿ ಬೇರೆ, ಅವಳ ಊರಿನ ಹಿಟ್ಟು ಬೇರೆ. ಅವುಗಳ ಮುಂದೆ ನಿಂತು ಸೋತು ಗೆಲ್ಲುವ ಅವಕಾಶ ನನಗೆ ಬೇಕು. ಆ ಜಾಗಕ್ಕೆ ಹೆಲ್ಗಾ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ.

ನನಗೆ ದಯೆ ಬೇಡ. ತಿರಸ್ಕಾರದ ಆ ವಾಕ್ಯವನ್ನು ನನ್ನ ಕಡತದಿಂದ ತೆಗೆಯಿರಿ. ನಿಮ್ಮ ಖರ್ಚಿನಲ್ಲಿ ದುಭಾಷಿಯನ್ನು ಕರೆಸಿ, ನನ್ನ ಮುಖ ನೋಡಿ ಪ್ರಶ್ನೆ ಕೇಳಿ. ಉತ್ತರ ಹಿಡಿಸದಿದ್ದರೆ ಆಗ ಧಾರಾಳವಾಗಿ ಬೇಡವೆನ್ನಿ, ಒಪ್ಪಿಕೊಳ್ಳುತ್ತೇನೆ. ನಾನು ಮತ್ತೆ ಅರ್ಜಿ ಹಾಕಿದ್ದೇನೆ. ನಮ್ಮ ಕಿವುಡರ ಸಂಘದ ಇನ್ನಿಬ್ಬರು ಹುಡುಗಿಯರೂ ಹಾಕಿದ್ದಾರೆ. ಮುಂದಿನ ತಿಂಗಳು ಮೂವರೂ ನಿಮ್ಮ ಕಿಟಕಿಗೆ ಬರುತ್ತೇವೆ.

ಈ ಸಲ ಅಕ್ಕ ಬರುವುದಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಮಾತಿಲ್ಲದವಳು, ಮನೆಯಲ್ಲಿ ಬಾಯಿ ಜಾಸ್ತಿಯೆಂದು ದಿನಾ ಬೈಸಿಕೊಳ್ಳುವವಳು,
ಚುವಾಂಗ್ ಮೆಂಗ್-ಜೂ
ತೈನಾನ್