ನುಸಿಯನ್ನು ಕಚ್ಚಬಲ್ಲ ಜೇನುಗಳನ್ನು ಸುಡುವ ಮುನ್ನ

ಮಾನ್ಯ ಜಿಲ್ಲಾ ಪಶುವೈದ್ಯಾಧಿಕಾರಿಗಳೇ,

ಬರುವ ಇಪ್ಪತ್ತನೇ ತಾರೀಕು ನನ್ನ ಹತ್ತೊಂಬತ್ತು ಜೇನುಪೆಟ್ಟಿಗೆಗಳನ್ನು ಸುಡಬೇಕೆಂದು ತಾವು ಆಜ್ಞೆ ಮಾಡಿದ್ದೀರಿ. ನುಸಿ ಕೊಲ್ಲುವ ಔಷಧಿ ಲೇಪಿಸಿದ ಪಟ್ಟಿಯನ್ನು ಹದಿನಾಲ್ಕು ವರ್ಷಗಳಿಂದ ಅವುಗಳೊಳಗೆ ತೂಗುಹಾಕಿಲ್ಲವೆಂಬುದು ನನ್ನ ಅಪರಾಧ. ಔಷಧಿಯಿಲ್ಲದ ಜೇನು ಹದಿನಾಲ್ಕು ಚಳಿಗಾಲ ಹೇಗೆ ದಾಟಿತೆಂಬ ಕುತೂಹಲ ನಿಮ್ಮ ಇಲಾಖೆಯಲ್ಲಿ ಯಾರಿಗೂ ಹುಟ್ಟಲಿಲ್ಲವೇ? ಅಥವಾ ಕುತೂಹಲಕ್ಕೂ ಮೇಲಿನಿಂದ ಮಂಜೂರಾತಿ ಬರಬೇಕೇ?

ಹದಿನಾಲ್ಕು ವರ್ಷದ ಹಿಂದೆ, ಹೊಳೆ ಉಕ್ಕಿ ಸೇತುವೆ ಕೊಚ್ಚಿಹೋದಾಗ, ಔಷಧಿ ನಮ್ಮೂರಿಗೆ ತಲುಪಲಿಲ್ಲ. ನಲವತ್ತೊಂದು ಪೆಟ್ಟಿಗೆಗಳಲ್ಲಿ ನುಸಿಯ ಕಾಟದಿಂದ ವಸಂತಕ್ಕೆ ಬದುಕುಳಿದದ್ದು ಆರು. ನನ್ನ ಹೆಂಡತಿ ಗ್ಲಫೀರಾ ಆ ಆರರ ಅಡಿಹಲಗೆಗೆ ಬಿದ್ದಿದ್ದ ಸತ್ತ ನುಸಿಗಳನ್ನು ಬಿಳಿ ತಟ್ಟೆಗೆ ಗುಡಿಸಿ ಭೂತಗನ್ನಡಿ ಹಿಡಿದಳು.

"ಯೆಫ್ರೆಮ್, ಇಲ್ಲಿ ನೋಡು. ಇದಕ್ಕೆ ಕಾಲೇ ಇಲ್ಲ."

"ಸತ್ತ ಮೇಲೆ ಉದುರಿರುತ್ತೆ ಬಿಡು."

"ಉದುರಿದ್ರೆ ಬೆನ್ನಲ್ಲಿ ಕಚ್ಚಿದ ಗುರುತು ಯಾಕೆ? ಮೊದ್ಲು ಕನ್ನಡಕ ಒರೆಸ್ಕೋ, ಆಮೇಲೆ ವಾದ ಮಾಡು."

ಒರೆಸಿಕೊಂಡು ನೋಡಿದೆ. ಅವಳದೇ ಸರಿ. ಆ ಬೇಸಿಗೆಯೆಲ್ಲ ಜೇನು ಮುತ್ತುವ ಲೀಪಾ ಹೂಮರಗಳ ಕೆಳಗೆ ಕೂತು ನೋಡಿದೆವು. ಮೈಮೇಲೆ ಹತ್ತಿದ ನುಸಿಯನ್ನು ಜೇನುಗಳು ಹಿಡಿದು ಕಚ್ಚುತ್ತಿದ್ದವು. ನುಸಿ ಮರಿಹಾಕುವ ಕೋಣೆಯನ್ನು ವಾಸನೆಯಿಂದಲೇ ಪತ್ತೆಹಚ್ಚಿ, ಮೇಣದ ಮುಚ್ಚಳ ಕಿತ್ತು, ಕೆಟ್ಟ ಮರಿಯನ್ನು ಹೊರಗೆಳೆದು ಬಿಸಾಡುತ್ತಿದ್ದವು. ತಮ್ಮ ಮರಿಯನ್ನೇ. ಪಡುವಣ ರಷ್ಯದ ಕಡೆಯಿಂದ ಈ ಉಸ್ಸೂರಿ ಕಾಡಿಗೆ ನಮ್ಮ ಹಿರಿಯರು ಗಾಡಿಯಲ್ಲಿ ಜೇನು ತಂದಾಗ, ಇಲ್ಲಿನ ಕಾಡುಜೇನಿನಿಂದ ನುಸಿ ಅವಕ್ಕೆ ಹತ್ತಿತು. ಅಷ್ಟು ಹಳೆಯ ಹಗೆಯನ್ನು ಎದುರಿಸುವ ಬಗೆ ಅವುಗಳಿಗೆ ನಿಮ್ಮ ಸುತ್ತೋಲೆ ಓದಿ ಬಂದದ್ದಲ್ಲ.

ಗ್ಲಫೀರಾ ತೀರಿಹೋಗಿ ಐದು ವರ್ಷವಾಯಿತು. ಜೇನಿನ ಹಬ್ಬದ ದಿನ ಹೊಸ ಜೇನುತುಪ್ಪದ ಬಟ್ಟಲನ್ನು ಮನೆಮನೆಗೆ ಕೊಡುವುದು ನಮ್ಮ ಪದ್ಧತಿ. ಹೋದ ವರ್ಷ, ತಾನೂ ಜೇನು ಸಾಕುವ ಪಕ್ಕದ ಮನೆಯ ಕಾಪಿತೊಲಿನಾ ಬೇಲಿಯಾಚೆಯಿಂದಲೇ ಹೇಳಿದಳು: "ಬೇಡ ಯೆಫ್ರೆಮ್ ಸವ್ವಿಚ್. ನಿನ್ನ ತುಪ್ಪಾನೂ ಬೇಡ, ನಿನ್ನ ನುಸೀನೂ ಬೇಡ."

ಅಂದು, ಈ ಹದಿನಾಲ್ಕು ವರ್ಷಗಳಲ್ಲಿ ಒಂದೇ ಒಂದು ಸಲ, ನಾನೊಂದು ತಪ್ಪು ಮಾಡಿದೆ. ಯಾರಾದರೂ ಚಹಾಕ್ಕೆ ಬರಲೆಂಬ ಆಸೆಯಿಂದ ಮೂರು ಪೆಟ್ಟಿಗೆಗಳಲ್ಲಿ ಪಟ್ಟಿ ತೂಗುಹಾಕಿದೆ. ಕಾಪಿತೊಲಿನಾ ಬಂದಳು. "ಅಂತೂ ಬುದ್ಧಿ ಬಂತಲ್ಲ ಮುದುಕಪ್ಪಾ" ಎಂದು ಎರಡು ಲೋಟ ಕುಡಿದಳು. ಮರುದಿನ ಹಲಗೆಯ ತುಂಬ ನುಸಿಗಳು ಸತ್ತು ಬಿದ್ದಿದ್ದವು, ಒಂದರ ಕಾಲನ್ನೂ ಜೇನು ಕಚ್ಚಿರಲಿಲ್ಲ. ಕೊಲ್ಲುವ ಕೆಲಸವನ್ನೆಲ್ಲ ಪಟ್ಟಿಯೇ ಮಾಡಿದರೆ ಕಚ್ಚಬಲ್ಲ ಜೇನು ಯಾವುದು, ಕಚ್ಚಲಾರದ್ದು ಯಾವುದು ಎಂದು ತಿಳಿಯುವುದು ಹೇಗೆ? ಯಾವ ರಾಣಿಯ ಸಂತತಿಯನ್ನು ಬೆಳೆಸಬೇಕು? ಪಟ್ಟಿ ಕಿತ್ತೆ. ಕಾಪಿತೊಲಿನಾ ಮತ್ತೆ ಬರಲಿಲ್ಲ.

ನನ್ನ ಬೇಡಿಕೆ ಇಷ್ಟು: ಆಜ್ಞೆಯನ್ನು ತಡೆಹಿಡಿದು, ಖುದ್ದಾಗಿ ತಾವೇ ಬಂದು ನೋಡಿ. ಇಲ್ಲಿಗೆ ಬಸ್ಸು ಬುಧವಾರ ಮಾತ್ರ, ವಾಪಸಿಗೆ ಶುಕ್ರವಾರ. ನಡುವಿನ ದಿನಗಳು ತಮಗೆ ಕಷ್ಟವಾದಾವು. ಆದರೆ ಭೂತಗನ್ನಡಿ ಹಿಡಿದು ನನ್ನೊಡನೆ ವಾದ ಮಾಡುವವರು ಈ ಮನೆಗೆ ಬಂದು ಬಹಳ ಕಾಲವಾಯಿತು.

ಇಂತಿ,
ತಮ್ಮ ಕಡತದಲ್ಲಿ 'ಸೋಂಕಿನ ಮೂಲ' ಎಂದಷ್ಟೇ ನಮೂದಾಗಿರುವ
ಯೆಫ್ರೆಮ್ ಸವ್ವಿಚ್