ಅಡುಗೆಮನೆ ಬಾಗಿಲಲ್ಲಿ ವಾಲ್ಟ್ಸ್

ಜೂನ್ ೯, ಸೋಮವಾರ. ಸಂಜೆ

ಗಂಗಾವತಿಗೆ ಎರಡು ಟ್ರಿಪ್. ತಾವರಗೇರಾ ಹತ್ತಿರ ಟೈರ್ ಪಂಕ್ಚರ್. ಕುಷ್ಟಗಿಗೆ ಬಂದು ಬಸ್ಸು ಡಿಪೋಕ್ಕೆ ಬಿಟ್ಟು ಮನೆ ಸೇರಿದರೆ ರೊಟ್ಟಿ ಸುಟ್ಟ ವಾಸನೆ. ರೇಣುಕಾ ಅಡುಗೆಮನೆ ಬಾಗಿಲಲ್ಲಿ ನಿಂತೇ ಇದ್ದಾಳೆ. ಹಂಚಿನ ಮೇಲೆ ರೊಟ್ಟಿ ಕರಕಲು, ಹೊಗೆ.

"ಕಾಲು ಬರವಲ್ದುರಿ," ಎಂದಳು. "ನೆಲ ಹಿಡದಂಗ ಆಗೇತಿ."

ಪಾರ್ಕಿನ್ಸನ್ಸ್. ಹುಬ್ಬಳ್ಳಿ ಡಾಕ್ಟರು ಹೆಸರು ಹೇಳಿ ವರ್ಷವಾಯಿತು. ಗುಳಿಗೆಯಿಂದ ಕೈ ನಡುಕ ಕಡಿಮೆ. ಆದರೆ ಬಾಗಿಲು ಬಂತೆಂದರೆ ಕಾಲು ನಿಂತುಬಿಡುತ್ತದೆ. ಅಂಗಳದಲ್ಲಿ ನಡೆಯುವವಳು ಹೊಸ್ತಿಲು ದಾಟಲಾರಳು. ವಿಚಿತ್ರ ರೋಗ. ಅವ್ವನಿಗೆ ನಂಬಿಕೆಯಿಲ್ಲ. "ಐವತ್ತಕ್ಕ ಇಂಥಾದ್ದೇನ ಬರತೈತಿ? ಕೆಲಸ ಮಾಡಾಕ ಬ್ಯಾಸರ ಆಕಿಗೆ," ಎಂದಳು. ರೇಣುಕಾ ಕೇಳುವ ಹಾಗೆಯೇ.

ಭುಜ ಹಿಡಿದು ಸ್ವಲ್ಪ ತಳ್ಳಿದೆ. ಮುಗ್ಗರಿಸಿದಳು. ತಳ್ಳಬಾರದಿತ್ತು.

ಜೂನ್ ೧೪, ಶನಿವಾರ

ರಜೆ ಹಾಕಿ ಕೊಪ್ಪಳಕ್ಕೆ. ಫಿಜಿಯೋಥೆರಪಿ. ನೋಡಿದವಳು ಶಾಯಿಸ್ತಾ ಎಂಬ ಹುಡುಗಿ. ನಮಗೆ ಮಕ್ಕಳಾಗಿದ್ದರೆ ಇದೇ ವಯಸ್ಸಿರುತ್ತಿತ್ತೇನೋ... ಇರಲಿ.

ಫೋನಿನಲ್ಲಿ ಒಂದು ಟ್ಯೂನ್ ಹಚ್ಚಿದಳು. ಮಾತಿಲ್ಲ, ಬರೀ ಪಿಟೀಲು.

"ಇದಕ್ಕ ವಾಲ್ಟ್ಸ್ ಅಂತಾರ, ಕಾಕಾ. ಒಂದು ಭಾರದ ಬಡಿತ, ಎರಡು ಹಗೂರ. ಮೊದಲ ನಿಂತಲ್ಲೇ ತೂಗಬೇಕು. ಭಾರ ಒಂದು ಕಾಲಿಗೆ ಹೋತಂದ್ರ ಇನ್ನೊಂದು ತಾನಾ ಏಳತೈತಿ."

"ಸಿನಿಮಾದಾಗ ಸೂಟು ಹಾಕ್ಕೊಂಡು ಕುಣೀತಾರಲ್ಲ, ಅದಾ?"

"ಅದಾರಿ. ಆದ್ರ ಮೊದಲ ಅದು ರೈತರ ಕುಣಿತ. ಆಸ್ಟ್ರಿಯಾ ಕಡೆ ಹಳ್ಳ್ಯಾಗ ಗಂಡಸು ಹೆಂಗಸು ಹಿಡಕೊಂಡು ತಿರಗತಿದ್ರು. ಅರಮನಿ ಸೇರಿದ್ದು ಆಮ್ಯಾಲೆ. ಅಲ್ಲೀ ಹಿರಿಯಾರೂ ಭಾಳ ಬೈದಾರ. ಮಂದಿ ಮುಂದ ಹಿಂಗ ಅಪ್ಪಿಕೊಳ್ಳೋದು ಮಾನಗೇಡಿ ಕೆಲಸ ಅಂತ."

ಮಾತಾಡುತ್ತಲೇ ರೇಣುಕಾಳನ್ನು ಹಿಡಿದು ತೂಗಿ, ಬಾಗಿಲು ದಾಟಿಸಿಬಿಟ್ಟಳು. ನಾನು ಕುರ್ಚಿಯಿಂದ ಎದ್ದು ನಿಂತೆ.

"ಈಗ ನೀವು ಹಿಡೀರಿ, ಕಾಕಾ."

ಮದುವೆಯಾಗಿ ಇಪ್ಪತ್ತೆಂಟು ವರ್ಷ. ಇನ್ನೊಬ್ಬರ ಮುಂದೆ ಇವಳ ಕೈ ಹಿಡಿದದ್ದು ಧಾರೆಯ ದಿನ ಮಾತ್ರ. ಹಿಡಿದೆ. ಬೆವರು, ಅವಳದೋ ನನ್ನದೋ.

ಹೊರಡುವಾಗ ಆ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದಳು: "ರೋಗ ಹೋಗಂಗಿಲ್ರಿ. ಇದು ಕಾಲಿಗೆ ದಾರಿ ತೋರಸತೈತಿ, ಅಷ್ಟ. ಒಮ್ಮೊಮ್ಮೆ ಅದೂ ಆಗಂಗಿಲ್ಲ."

ಜೂನ್ ೨೦

ಅವ್ವ ಗುಡಿಗೆ ಹೋದಾಗ ಬಾಗಿಲು ಹಾಕಿ, ಪರದೆ ಎಳೆದು ಶಾಯಿಸ್ತಾ ಕೊಟ್ಟ ಟ್ಯೂನ್ ಹಚ್ಚಿದೆವು. ಅವಳ ಬೆರಳು ತುಳಿದೆ.

"ಸ್ಟೇರಿಂಗ್ ಅಲ್ರೀ ಇದು, ನನ್ನ ಭುಜ. ಯಾಕ ಹಂಗ ತಿರುವ್ತೀರಿ?"

ನಕ್ಕಳು. ಈ ಕಾಯಿಲೆ ಮುಖವನ್ನೂ ಬಿಗಿ ಮಾಡಿದೆ, ನಗು ಅಪರೂಪ. ಅಡುಗೆಮನೆ ಬಾಗಿಲು ದಾಟಿದೆವು. ವಾಪಸ್ಸೂ.

ಜುಲೈ ೨

ದಿನಾ ನಡೆದಿದೆ, ಅವ್ವ ಗುಡಿಗೆ ಹೋದಾಗ. ಮಾಡುತ್ತಾ ಮಾಡುತ್ತಾ ಹೇಳಿದಳು, "ಇದು ತೊಟ್ಟಿಲ ತೂಗೋ ಗತ್ತು ಐತಲ್ರಿ. ನಮ್ಮವ್ವ ತಮ್ಮನ್ನ ತೂಗಬೇಕಾದ್ರ ಹಿಂಗಾ ಹಾಡತಿದ್ಲು." ಈಗ ನಾನಿಲ್ಲದಾಗ ತಾನೇ ಗುನುಗಿಕೊಂಡು ಬಾಗಿಲು ದಾಟುತ್ತಾಳಂತೆ. ಸೆಕೆ ಅಂತ ಕಿಟಕಿ ತೆಗೆದಿಟ್ಟಿದ್ದೇವೆ.

ಜುಲೈ ೧೧, ಶುಕ್ರವಾರ

ಡಿಪೋದಲ್ಲಿ ನಗು. ಯಾಕೆಂದು ತಿಳಿಯಲಿಲ್ಲ. ನನ್ನ ಬಸ್ಸಿನ ಕಂಡಕ್ಟರ್ ರೆಹಮಾನ ಪಕ್ಕಕ್ಕೆ ಕರೆದ. "ಡ್ರೈವರ್ ಸಾಹೇಬ್ರ, ಬ್ಯಾಸರ ಮಾಡ್ಕೋಬ್ಯಾಡ್ರಿ," ಎಂದು ಫೋನು ತೋರಿಸಿದ. ನಾವಿಬ್ಬರೇ. ನಮ್ಮ ಅಡುಗೆಮನೆ. ಯಾರೋ ಎದುರಿನ ಮಾಳಿಗೆಯಿಂದ ತೆಗೆದ ವಿಡಿಯೋ. ಮೇಲೆ ಒಂದು ಪ್ರೇಮಗೀತೆ ಕೂಡಿಸಿದ್ದಾರೆ. ಕೆಳಗೆ 'ಮುದುಕರ ಹನಿಮೂನ್' — ನಗುವ ಮುಖಗಳ ಸಾಲು. ಯಾವ ಯಾವ ಗ್ರೂಪಿಗೆ ಹೋಗಿದೆಯೋ.

ಮನೆಗೆ ಬರುವಷ್ಟರಲ್ಲಿ ಪಕ್ಕದ ಮನೆ ಭೀಮಕ್ಕ ಅವ್ವನಿಗೆ ಹೇಳಿಯಾಗಿತ್ತು. ಅವ್ವ ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಕೂತಿದ್ದಳು.

"ನಿಮ್ಮಪ್ಪ ಸಾಯೋಮಟ ನನ್ನ ಹೆಸರು ಹಿಡದು ಕರೀಲಿಲ್ಲೋ. ನೀ ಮಂದಿ ಮುಂದ ಹೇಣ್ತೀನ ಅಪ್ಪಿಕೊಂಡು ಕುಣದಿ?"

"ಯವ್ವಾ, ಅದು ವ್ಯಾಯಾಮ..."

"ಮಾರೆಮ್ಮನ ಮಗ ಅಂತಾರ ಮಂದಿ. ಕಳಕೇಶ ಅಂತ ನಿನ್ನ ಹೆಸರು ಹೇಳಂಗಿಲ್ಲ. ನನ್ನ ಹೆಸರು ಹೇಳತಾರ."

ಕಿಟಕಿ ಹಾಕಿದೆ. ರೇಣುಕಾಗೆ, "ಸ್ವಲ್ಪ ದಿನ ಬಿಡೋಣು," ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಸೀರೆಯ ಸೆರಗು ಸರಿಮಾಡಿಕೊಂಡಳು.

ಆಗಸ್ಟ್ ೩

ಬರೆಯಲು ಏನೂ ಇಲ್ಲ. ಗೋಡೆ ಹಿಡಿದು ನಡೆಯುತ್ತಾಳೆ. ಗುನುಗುವುದಿಲ್ಲ.

ಆಗಸ್ಟ್ ೧೯, ಮಂಗಳವಾರ. ದವಾಖಾನೆ

ಬಚ್ಚಲ ಬಾಗಿಲಲ್ಲಿ ಬಿದ್ದಳು. ಎಡಗೈ ಮಣಿಕಟ್ಟು ಮುರಿದಿದೆ. ನಾನು ಕನಕಗಿರಿ ದಾಟಿದ್ದೆ, ಬಸ್ಸಿನ ತುಂಬ ಜನ, ಬಿಟ್ಟು ಬರುವಂತಿಲ್ಲ. ಮನೆಯಿಂದ ಬಂದ ಫೋನು ರೆಹಮಾನ ತೆಗೆದು ಹೇಳಿದ. ಗಂಗಾವತಿವರೆಗೆ ಹೇಗೆ ಓಡಿಸಿದೆನೋ.

ಅವ್ವ ದವಾಖಾನೆ ಬೆಂಚಿನ ಮೇಲೆ. ಸೀರೆಯೆಲ್ಲ ಒದ್ದೆ.

"ಎತ್ತಾಕ ಹೋದ್ನೋ ತಮ್ಮಾ. ಆಗ್ಲಿಲ್ಲ. ಕಾಲು ಎಳದ್ನಿ, ಕಟಗಿ ಆಗಿತ್ತು. ಆಕಿ ಬೇಕಂತ ಮಾಡತಾಳಂತ ತಿಳದಿದ್ನಿ..."

ಸೆರಗಿನ ನೀರು ಹಿಂಡಿದಳು. ಪಕ್ಕದಲ್ಲಿ ಕೂತೆ.

ಆಗಸ್ಟ್ ೨೪, ರವಿವಾರ

ಕೈಗೆ ಪ್ಲಾಸ್ಟರ್. ಮುಂಜಾನೆ ಚಹಾ ಕುಡಿಸುತ್ತಿದ್ದೆ.

"ಆ ವಿಡಿಯೋ ತೋರಸ್ರಿ."

ಅವಳಿಗೆ ತಿಳಿದಿಲ್ಲ ಅಂದುಕೊಂಡಿದ್ದೆ.

"ಯಾರು ಹೇಳಿದ್ರು?"

"ಭೀಮಕ್ಕ ಸಣ್ಣ ದನೀಲೆ ಮಾತಾಡತಾಳೇನು? ಇಷ್ಟ ದಿನ ನೀವಾ ತೋರಸತೀರಂತ ಸುಮ್ನಿದ್ದೆ."

ರೆಹಮಾನನಿಂದ ತರಿಸಿದೆ. ಹಾಡಿನ ಶಬ್ದ ತೆಗೆದು ಕೊಟ್ಟೆ. ನೋಡಿದಳು. ಮತ್ತೆ ನೋಡಿದಳು. ಅಳುತ್ತಾಳೆ ಅಂದುಕೊಂಡೆ. ನನ್ನನ್ನು ಬೈದರೂ ಸರಿ ಎಂದು ಕೂತಿದ್ದೆ.

"ಛಲೋ ನಡದೀನಲ್ರೀ ನಾ," ಎಂದಳು.

ಇನ್ನೊಮ್ಮೆ ಹಚ್ಚಲು ಹೇಳಿದಳು. ಬೆರಳಿನಿಂದ ತನ್ನ ಕಾಲು ತೋರಿಸಿದಳು. "ನೋಡ್ರಿ ಇಲ್ಲಿ. ಹೆಂಗ ಎತ್ತೀನಿ. ನಾನಾ ಏನ ಇದು?"

ಅಂಗಳಕ್ಕೆ ಎದ್ದು ಹೋದೆ. ಆರು ವಾರ ಹಾಳು ಮಾಡಿದೆ. ಅವಳ ಕಾಲಿನ ಆರು ವಾರ. ಯಾರು ಹಿಂದಿರುಗಿಸುತ್ತಾರೆ?

ಆಗಸ್ಟ್ ೩೧

ಶಾಯಿಸ್ತಾಗೆ ಫೋನು. ವಿಡಿಯೋ, ಕಿಟಕಿ, ಎಲ್ಲ ಹೇಳಿದೆ. ಬಿಟ್ಟದ್ದಕ್ಕೆ ಬೈಯಲಿಲ್ಲ. "ಮೊದಲಿನಷ್ಟು ಬರಲಿಕ್ಕಿಲ್ಲ, ಕಾಕಾ. ಆದ್ರೂ ಚಾಲೂ ಮಾಡ್ರಿ. ಕಿಟಕಿ ತೆಗೀರಿ, ಆಕಿಗೆ ಗಾಳಿ ಬೇಕು." ತೆಗೆದೆ. ತೆಗೆಯುವಾಗ ಎದುರಿನ ಮಾಳಿಗೆ ನೋಡಿದೆ. ಯಾರೂ ಇರಲಿಲ್ಲ. ಇದ್ದಿದ್ದರೆ? ಗೊತ್ತಿಲ್ಲ. ಧೈರ್ಯ ಬಂದಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಸೆಪ್ಟೆಂಬರ್ ೭, ರವಿವಾರ. ಮಧ್ಯಾಹ್ನ

ಮಧ್ಯಾಹ್ನದ ಗುಳಿಗೆ ಇನ್ನೂ ಕೆಲಸ ಶುರು ಮಾಡಿರಲಿಲ್ಲ. ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಿತ್ತು. ಟ್ಯೂನ್ ಹಚ್ಚಿದೆ. ಹಿಡಿದುಕೊಂಡೆ. ಪ್ಲಾಸ್ಟರ್ ಕೈ ನನ್ನ ಭುಜದ ಮೇಲೆ, ಭಾರ. ತೂಗಿದೆವು. ಬಲಕ್ಕೆ, ಎಡಕ್ಕೆ. ಕಾಲು ಏಳಲಿಲ್ಲ. ಪಿಟೀಲು ಒಂದೇ ಸಮ ಸುತ್ತುತ್ತಿದೆ, ನಾವು ನಿಂತೇ ಇದ್ದೇವೆ. ಕುತ್ತಿಗೆಯ ಹತ್ತಿರ ಅವಳ ಉಸಿರು ಜೋರಾಯಿತು. "ಬಿಡ್ರಿ. ಇವತ್ತ ಆಗಂಗಿಲ್ಲ," ಎಂದಳು.

ಟ್ಯೂನ್ ಮುಗಿಯಿತು. ಬಿಡಲಿಲ್ಲ. ಬಿಟ್ಟರೆ ಅವಳನ್ನು ಕೂರಿಸಬೇಕು, ಕೂರಿಸಲು ಮನಸ್ಸಿಲ್ಲ. ಇಬ್ಬರೂ ಹಾಗೇ ನಿಂತೆವು.

ಅವ್ವ ಪಡಸಾಲೆಯಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊರದ ಸದ್ದು ನಿಂತಿತು. ನಮ್ಮ ಕಡೆ ತಿರುಗಲಿಲ್ಲ.

"ಇನ್ನೊಮ್ಮೆ ಹಚ್ಚೋ," ಎಂದಳು.

ರೇಣುಕಾ ನನ್ನ ಮುಖ ನೋಡಿದಳು. ನಾನು ಒಂದು ಕೈಯಲ್ಲಿ ಅವಳನ್ನು ಹಿಡಿದು ಇನ್ನೊಂದರಿಂದ ಫೋನು ಒತ್ತಿದೆ. ತೂಗಿದೆವು. ಎಡಗಾಲಿನ ಹಿಮ್ಮಡಿ ಸ್ವಲ್ಪ ಎದ್ದಿತು. ಆಮೇಲೆ...

ರೇಣುಕಾ ಕರೆಯುತ್ತಿದ್ದಾಳೆ. ಉಳಿದದ್ದು ಹೋಗಿ ಬಂದು ಬರೆಯುತ್ತೇನೆ.