ಶಿರಾದಿಂದ ತಂದ ತೊಟ್ಟಿಲು

ರೀ,

ನೀವು ಪಾವಗಡದ ಟ್ರಿಪ್ ಮುಗಿಸಿ ಬರುವವರೆಗೆ ಕಾಯಲಾಗಲಿಲ್ಲ. ಅಣ್ಣನ ಜೊತೆ ತುಮಕೂರು ಆಸ್ಪತ್ರೆಗೆ ಹೊರಟಿದ್ದೇನೆ. ಸೂಲಗಿತ್ತಿ ಕರಿಯಕ್ಕ ಬೆಳಗ್ಗೆ ನೋಡಿ, "ಕಾಲು ಇಂಗೆ ಊದ್ಕೊಂಡೈತೆ, ನನ್ ಕೈಲಿ ಆಗಲ್ಲ ಕಣಮ್ಮ, ಬಸ್ ಹತ್ಬುಡು" ಅಂದಳು. ಗಾಬರಿಯಾಗಬೇಡಿ.

ಹೆರಿಗೆಗೆ ಮುಂಚೆ ಏನೂ ತರಬೇಡಿ ಅಂತ ಎಷ್ಟು ಬಡಕೊಂಡೆ! ಕೇಳದೆ ಶಿರಾದಿಂದ ಹೊಸ ತೊಟ್ಟಿಲು ಹೊತ್ತು ತಂದಿರಿ. ನಿನ್ನೆ ನಾಗು ಅದನ್ನು ತೂಗುತ್ತಾ ಕೂತಿದ್ದಳು. ಖಾಲಿ ತೊಟ್ಟಿಲು ತೂಗಬಾರದು ಅಂತ ಅತ್ತೆ ಅವಳ ಬೆನ್ನಿಗೆ ಬಾರಿಸಿದರು. ಮೂರು ವರ್ಷದ ಮಗುವಿಗೆ ಅದೆಲ್ಲ ಏನು ಗೊತ್ತು?

ಇನ್ನೇನೂ ಕೊಳ್ಳಬೇಡಿ. ಎರಡನೆಯದಕ್ಕೆ ನಾಗುವಿನ ಕುಲಾವಿ, ಅಂಗಿ, ನನ್ನ ಹಳೇ ಸೀರೆಗಳೇ ಸಾಕು. ಮಲಗಿಸಲು ಅವಳ ಹಳೇ ತೊಟ್ಟಿಲೇ ಸಾಕಿತ್ತು, ಹಗ್ಗ ಮಾತ್ರ ಹೊಸದು ಬೇಕಿತ್ತು. ಹಾಲಿನ ಸೀಸೆ ಒಂದಿದ್ದರೆ... ಬೇಡ, ಅದನ್ನೂ ತರಬೇಡಿ. ನಾನೇ ಬರುತ್ತೇನಲ್ಲ.

ಸಾರು ಒಲೆಯ ಮೇಲಿದೆ. ನಾಗುವಿನ ಬೆನ್ನಿಗೆ ಎಣ್ಣೆ ಹಚ್ಚಿ, ಅತ್ತೆಗೆ ಏನೂ ಅನ್ನಬೇಡಿ. ಅವರಿಗೂ ಭಯ.

ನಾಗು ನನ್ನನ್ನು ಕೇಳಿ ಅತ್ತರೆ ಹೊಸ ತೊಟ್ಟಿಲಿನಲ್ಲಿ ಅವಳನ್ನೇ ಮಲಗಿಸಿ ತೂಗಿ. ಕಾಲು ಹೊರಗೆ ಚಾಚಿಕೊಂಡರೂ ಪರವಾಗಿಲ್ಲ. ನಾನು ಬರುವವರೆಗೆ ಅದು ಖಾಲಿ ಇರಬಾರದು.